ಕೇಳಿ, ಹೇಳ್ತೇನೆ

ಕಳೆದ ತಿಂಗಳು ಈ ಪುಟದಲ್ಲಿ ‘ವಿದೇಶದಲ್ಲಿ ಓದಿ ಬಂದವರನ್ನು ಕೇಳಿ’ ಅಂತ ಪ್ರಕಟಣೆ ಬಂದಿತ್ತಲ್ಲ, ಹಾಗೆ ಓದಿ ಬಂದವಳು ನಾನು. ಊರು ಉಡುಪಿ ಪಕ್ಕದ ಕಟಪಾಡಿ. 2023ರ ಸೆಪ್ಟೆಂಬರ್ ಕೊನೆಗೆ ಬಜ್ಪೆಯಲ್ಲಿ ವಿಮಾನ ಹತ್ತಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದೆ. ಅಲ್ಲಿ ನೀರಿನ ಇಂಜಿನಿಯರಿಂಗ್‌ನಲ್ಲಿ ಎಂಎಸ್ಸಿ ಮುಗಿಸಿ ಬಂದೆ. ಕೆನಡಾ, ಐರ್ಲೆಂಡ್ ಬಗ್ಗೆ ಕೇಳಿದವರು ಕ್ಷಮಿಸಬೇಕು. ಕಾಣದ ಊರಿನ ದಾರಿ ಹೇಳುವ ಧೈರ್ಯ ನನಗಿಲ್ಲ.

ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ ಅಂತಾರೆ ಸೀನಿಯರ್‌ಗಳು. ಕನ್ಸಲ್ಟೆನ್ಸಿಯವರು ಹದಿನಾಲ್ಕು ಲಕ್ಷ ರೆಡಿ ಇಟ್ಟುಕೊಳ್ಳಿ ಅಂತಾರೆ. ಯಾವುದು ನಿಜ?
*– ಕೊನೆಯ ವರ್ಷದ ಬಿ.ಇ. ವಿದ್ಯಾರ್ಥಿನಿ, ಕಾರ್ಕಳ*

ಎರಡೂ ನಿಜ, ಅದೇ ತಮಾಷೆ.

ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಉಂಟು. ನನಗೆ ಬೇಕಾದ ಕೋರ್ಸ್ ಅಲ್ಲೇ ಇತ್ತು, ಕೊಟ್ಟೆ. ನೀವು ಅರ್ಜಿ ಹಾಕುವ ಮೊದಲು ವಿಶ್ವವಿದ್ಯಾಲಯದ ಹೆಸರು ಮಾತ್ರ ನೋಡಬೇಡಿ, ಅದು ಯಾವ ರಾಜ್ಯದಲ್ಲಿದೆ ಅಂತಲೂ ನೋಡಿ.

ದೊಡ್ಡ ಮೊತ್ತ ಬ್ಲಾಕ್ಡ್ ಅಕೌಂಟ್‌ನದ್ದು. ಒಂದು ವರ್ಷದ ಖರ್ಚನ್ನು ಮೊದಲೇ ಅದರಲ್ಲಿ ಹಾಕಿ ತೋರಿಸಿದರೆ ಮಾತ್ರ ವೀಸಾ. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಇದು ಫೀಸ್ ಅಲ್ಲ, ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಿಮ್ಮ ಕೈಗೇ ಬರುತ್ತದೆ. ಇದನ್ನು ನನ್ನ ಅಪ್ಪನಿಗೆ ಅರ್ಥ ಮಾಡಿಸಲು ಎರಡು ಸಂಜೆ ಬೇಕಾಯಿತು. ‘ನಮ್ಮ ದುಡ್ಡನ್ನು ನಮಗೇ ಕಂತಿನಲ್ಲಿ ಕೊಡ್ಲಿಕ್ಕೆ ಅವರು ಯಾರು?’ ಅಂತ ಅವರ ಪ್ರಶ್ನೆ. ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಇದರ ಜೊತೆ ಎಪಿಎಸ್ ಪ್ರಮಾಣಪತ್ರ. ನಿಮ್ಮ ಅಂಕಪಟ್ಟಿ ಅಸಲಿ ಅಂತ ಹೇಳುವ ಕಾಗದ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯ. ನಾನು ಮಾಡಿಸುವಾಗ 18,000 ರೂಪಾಯಿ. ಕೈಗೆ ಬರಲು ಸಮಯ ಹಿಡಿಯುತ್ತದೆ, ಇದನ್ನೇ ಮೊದಲು ಶುರು ಮಾಡಿ.

‘ಪಾರ್ಟ್‌ಟೈಮ್ ಮಾಡಿ ಎಲ್ಲ ತೀರಿಸಬಹುದು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಅಷ್ಟೆ. ನಾನು 2024ರಲ್ಲಿ ಬೇಕರಿಯ ಕೌಂಟರ್‌ನಲ್ಲಿ ನಿಂತೆ. ಆಗ ಗಂಟೆಗೆ ಕನಿಷ್ಠ ಕೂಲಿ 12.41 ಯೂರೋ. ರೂಮಿನ ಬಾಡಿಗೆ ಹೊರಟಿತು, ಸಾಲ ಹಾಗೇ ಉಳಿಯಿತು.

ಮಗ ಜರ್ಮನಿಗೆ ಹೋಗಿ ಎರಡು ತಿಂಗಳಾಯಿತು. ಯಾವಾಗ ಫೋನ್ ಮಾಡಿದರೂ ‘ಎಲ್ಲ ಸರಿ ಉಂಟು ಅಮ್ಮ’ ಅಂತ ಮಾತ್ರ ಹೇಳುತ್ತಾನೆ. ಮುಖ ಸಪ್ಪೆ. ಕೇಳಿದರೆ ಸಿಟ್ಟು ಮಾಡುತ್ತಾನೆ. ನಾನು ಎಂತ ಮಾಡಲಿ?
*– ಒಬ್ಬ ತಾಯಿ, ಕುಂದಾಪುರ*

ಅಮ್ಮಾ, ಆ ಮಾತನ್ನು ನಾನೂ ಎರಡು ವರ್ಷ ಹೇಳಿದ್ದೇನೆ. ಅದರಲ್ಲಿ ಅರ್ಧ ಸತ್ಯ.

ನಾನು ತಲುಪಿದ್ದು ಶನಿವಾರ ರಾತ್ರಿ. ಊರಿನಲ್ಲಿ ಕಾನ್‌ಸ್ಟಾಟ್ ಜಾತ್ರೆ ನಡೆಯುತ್ತಿತ್ತು. ರೈಲಿನ ತುಂಬಾ ಚರ್ಮದ ಚಡ್ಡಿ ಹಾಕಿ, ಬಿಯರ್ ಕುಡಿದು ಹಾಡುವ ಗಂಡಸರು. ಎರಡು ಸೂಟ್‌ಕೇಸ್ ಹಿಡಿದುಕೊಂಡು ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಾಸ್ಟೆಲ್ ಮುಟ್ಟುವಾಗ ಹತ್ತೂವರೆ. ಬೆಳಿಗ್ಗೆ ಎದ್ದು ಅಕ್ಕಿ, ಹಾಲು ತಂದರಾಯಿತು ಅಂತ ಮಲಗಿದೆ. ಬೆಳಿಗ್ಗೆ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ಒಂದೂವರೆ ಕಿಲೋಮೀಟರ್ ನಡೆದು ಹೋಗಿ ಮುಚ್ಚಿದ ಗಾಜಿನ ಬಾಗಿಲಿಗೆ ಹಣೆ ಒತ್ತಿ ಒಳಗಿನ ಬಾಳೆಹಣ್ಣು ನೋಡಿ ಬಂದೆ. ಅಜ್ಜಿ ಕಟ್ಟಿಕೊಟ್ಟ ಅವಲಕ್ಕಿ ಇತ್ತು, ಬೆಲ್ಲ ಇತ್ತು. ಮೂರು ಹೊತ್ತೂ ಅದೇ. ಸಂಜೆ ಅಮ್ಮ ಫೋನ್ ಮಾಡಿದಾಗ ‘ಎಲ್ಲ ಸರಿ ಉಂಟು’ ಅಂದೆ.

ದೊಡ್ಡ ರೈಲು ನಿಲ್ದಾಣದೊಳಗಿನ ಬೇಕರಿ ಭಾನುವಾರವೂ ತೆರೆದಿರುತ್ತದೆ ಅಂತ ಗೊತ್ತಾದದ್ದು ಮೂರು ವಾರ ಕಳೆದ ಮೇಲೆ. ಪಕ್ಕದ ರೂಮಿನ ಹುಡುಗಿಗೆ ಮೊದಲೇ ಗೊತ್ತಿತ್ತು. ‘ನೀನು ಕೇಳಲೇ ಇಲ್ಲವಲ್ಲ’ ಅಂದಳು. ನನಗೆ ಕೋಪ ಬಂತು. ನಮ್ಮ ಕಡೆ ಹೊಸಬರು ಒಕ್ಕಲು ಬಂದರೆ ಅವರು ಕೇಳಬೇಕಾ? ಸಾಮಾನು ಇಳಿಸುವ ಮೊದಲೇ ನಾಲ್ಕು ಜನ ಹೋಗಿ, ಹಾಲು ಯಾರ ಮನೆಯದ್ದು ಒಳ್ಳೆಯದು, ಮೀನಿನ ಗಾಡಿ ಎಷ್ಟು ಗಂಟೆಗೆ ಬರುತ್ತದೆ, ಎಲ್ಲ ಹೇಳಿ ಬರುತ್ತೇವೆ. ಜೊತೆಗೆ ಅವರ ಜಾತಕವನ್ನೂ ತಿಳಿದುಕೊಂಡು ಬರುತ್ತೇವೆ, ಅದು ಬೇರೆ ಮಾತು. ಅಲ್ಲಿ ಹಾಗಿಲ್ಲ. ನೀವು ಬಾಯಿ ಬಿಟ್ಟು ಕೇಳದೆ ಇದ್ದರೆ, ನಿಮಗೆ ಬೇಡ ಅಂತ ಅರ್ಥ. ಕೇಳಿದರೆ ಮಾತ್ರ ಕೆಲಸ ಬಿಟ್ಟು ಎದ್ದು ಬಂದು, ನಕ್ಷೆ ಬರೆದು ತೋರಿಸುತ್ತಾರೆ.

ಪಾಠದಲ್ಲೂ ಇದೇ ಕಥೆ. ನಮ್ಮಲ್ಲಿ ಫೀಸ್ ಕಟ್ಟಿ ಹಾಜರಿ ಇದ್ದರೆ ಪರೀಕ್ಷೆಗೆ ಕಾಲೇಜೇ ಕೂರಿಸುತ್ತದೆ. ಅಲ್ಲಿ ಒಂದೊಂದು ಪರೀಕ್ಷೆಗೂ ನಾವೇ ಹೆಸರು ನೋಂದಾಯಿಸಬೇಕು, ಅದೂ ತಿಂಗಳುಗಟ್ಟಲೆ ಮೊದಲು. ಮೊದಲ ಸೆಮಿಸ್ಟರ್‌ನಲ್ಲಿ ನಾನು ಒಂದಕ್ಕೆ ಹೆಸರೇ ಕೊಟ್ಟಿರಲಿಲ್ಲ. ಪೂರ್ತಿ ಓದಿ, ಪೆನ್ನು ಹಿಡಿದು ಹಾಲ್‌ನ ಬಾಗಿಲಿಗೆ ಹೋದೆ. ಪಟ್ಟಿಯಲ್ಲಿ ಇಲ್ಲ. ಗದರಿಸಲೂ ಇಲ್ಲ, ಕನಿಕರಿಸಲೂ ಇಲ್ಲ, ‘ಮುಂದಿನ ಸಲ’ ಅಂದರು. ಹೊರಗೆ ಹಿಮ. ಆ ದಿನವೂ ಮನೆಗೆ ಅದೇ ಉತ್ತರ: ಎಲ್ಲ ಸರಿ ಉಂಟು.

ಇದನ್ನು ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ. ನಿಮ್ಮ ಮಗನಿಗೂ ಹೀಗೇ ಏನೋ ಒಂದು ಸಣ್ಣದು ಆಗಿರಬಹುದು, ಸಣ್ಣದಾದ್ದರಿಂದಲೇ ಹೇಳಲು ನಾಚಿಕೆ. ಇಷ್ಟು ದುಡ್ಡು ಸುರಿದು ಕಳಿಸಿದ ಮನೆಯವರಿಗೆ ‘ಅವಲಕ್ಕಿ ತಿಂದೆ’ ಅಂತ ಹೇಗೆ ಹೇಳುವುದು ಅಲ್ವಾ?

ನನ್ನ ಅಮ್ಮ ಕಂಡುಕೊಂಡ ದಾರಿ ಹೇಳುತ್ತೇನೆ. ಅವರು ‘ಹೇಗಿದ್ದಿ?’ ಕೇಳುವುದನ್ನು ಬಿಟ್ಟರು. ‘ಇವತ್ತು ಎಂತ ಪದಾರ್ಥ? ಒಗ್ಗರಣೆಗೆ ಎಂತ ಹಾಕಿದಿ? ಪಾತ್ರೆ ತೋರಿಸು’ ಅಂತ ಶುರು ಮಾಡಿದರು. ಪಾತ್ರೆ ತೋರಿಸುತ್ತಾ ತೋರಿಸುತ್ತಾ ನಾನು ಉಳಿದದ್ದನ್ನೂ ಹೇಳಿಬಿಡುತ್ತಿದ್ದೆ. ಇನ್ನೊಂದು, ಚಳಿಗಾಲದಲ್ಲಿ ನಮಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನೀವು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅವನಿಗೆ ಸಂಜೆ ನಾಲ್ಕೂವರೆ. ಡಿಸೆಂಬರ್‌ನಲ್ಲಿ ಅದೇ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗಿ ಆಗಿರುತ್ತದೆ. ಇಡೀ ದಿನದಲ್ಲಿ ಮನಸ್ಸು ಕುಸಿಯುವ ಗಳಿಗೆ ಅದು. ನಿಮ್ಮ ಮಧ್ಯಾಹ್ನ ಒಂದೂವರೆಗೆ, ಅವನ ಬೆಳಗಿನ ಒಂಬತ್ತಕ್ಕೆ ಒಂದು ಸಲ ಮಾಡಿ ನೋಡಿ. ಮುಖ ಬೇರೆ ಕಾಣಬಹುದು.

ಮುಖ ಸಪ್ಪೆ ಇರುವುದು ವಾರಗಟ್ಟಲೆ ಮುಂದುವರಿದರೆ, ನಿದ್ದೆ ಊಟ ಬಿಟ್ಟರೆ, ಸುಮ್ನೆ ಕಾಯಬೇಡಿ. ಅಲ್ಲಿ ‘ಸ್ಟುಡಿಯರೆಂಡನ್‌ವೆರ್ಕ್’ ಅಂತ ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಟೀನ್ ನೋಡಿಕೊಳ್ಳುವ ಸಂಸ್ಥೆಗಳಿವೆ. ಆಪ್ತಸಲಹೆಯೂ ಅಲ್ಲಿ ಸಿಗುತ್ತದೆ. ಆದರೆ ಅವನೇ ಹೋಗಿ ಕೇಳಬೇಕು. ನಾನು ಹೋಗಿದ್ದೇನೆ ಅಂತ ಅವನಿಗೆ ಹೇಳಿ.

ಬ್ಯಾಗಿನಲ್ಲಿ ತುಪ್ಪ, ಬೇವಿನ ಸೊಪ್ಪು (ಕರಿಬೇವು), ಒಣ ಮೀನು ಒಯ್ಯಬಹುದಾ?
*– ಎಂ.ಎಸ್.ಗೆ ಹೊರಟಿರುವವನು, ಬಂಟ್ವಾಳ*

ತುಪ್ಪ ಇಲ್ಲ. ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಒಯ್ಯುವಂತಿಲ್ಲ. ಪೇಡೆಯೂ ಹೋಯಿತು. ಹಸಿ ಬೇವಿನ ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ, ಅಷ್ಟು ಉಸಾಬರಿ ಯಾಕೆ? ಒಣಗಿಸಿ ಪುಡಿ ಮಾಡಿ ಒಗ್ಗರಣೆ ಪುಡಿಗೇ ಸೇರಿಸಿಬಿಡಿ. ಕೊಬ್ಬರಿ ವಿಮಾನಕ್ಕೇ ಆಗುವುದಿಲ್ಲ, ಎಣ್ಣೆ ಇರುವುದರಿಂದ ಬೆಂಕಿಯ ಭಯ.

ಒಣ ಮೀನಿಗೆ ಮಾತ್ರ, ಆಶ್ಚರ್ಯ, ಅಡ್ಡಿ ಇಲ್ಲ! ಸ್ವಂತಕ್ಕೆ ಇಪ್ಪತ್ತು ಕಿಲೋವರೆಗೂ ಮೀನು ಒಯ್ಯಬಹುದು. ಆದರೆ ಮಾರಾಯ್ರೆ, ಒಯ್ಯುವುದು ಬೇರೆ, ಹುರಿಯುವುದು ಬೇರೆ. ಹಾಸ್ಟೆಲ್‌ನಲ್ಲಿ ಎಂಟು ಜನರಿಗೆ ಒಂದು ಅಡುಗೆಮನೆ. ನಾನು ಒಂದು ಸಲ ಒಣ ಸಿಗಡಿ ಚಟ್ನಿಗೆ ಹುರಿದೆ. ಹೊಗೆಯ ಅಲಾರಂ ಬಡಿದುಕೊಂಡಿತು. ಎಂಟು ಜನವೂ ಜಾಕೆಟ್ ಹಾಕಿ ಹೊರಗೆ ಚಳಿಯಲ್ಲಿ ನಿಂತೆವು. ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಕುಚ್ಚಲಕ್ಕಿ ಐದು ಕಿಲೋ ಒಯ್ಯಿರಿ. ಬಾಸ್ಮತಿ ಎಲ್ಲ ಕಡೆ ಸಿಗುತ್ತದೆ, ಜ್ವರ ಬಂದಾಗ ಅದರ ಗಂಜಿ ಗಂಜಿಯೇ ಅಲ್ಲ.

ನನ್ನ ಕೋರ್ಸ್ ಇಂಗ್ಲಿಷ್‌ನಲ್ಲೇ. ಜರ್ಮನ್ ಕಲಿಯಲೇಬೇಕಾ?
*– ಸುರತ್ಕಲ್‌ನಿಂದ ಒಬ್ಬರು*

ಪಾಠಕ್ಕೆ ಬೇಡ. ಬದುಕಲು ಬೇಕು. ಮಂಗಳೂರಿನಲ್ಲಿ ಎ1, ಎ2 ಅಂತ ಜರ್ಮನ್ ಕಲಿಕೆಯ ಮೊದಲ ಎರಡು ಹಂತ ಮಾಡಿಕೊಂಡೇ ಹೋಗಿ.

ನಾನು ಎ2 ಮುಗಿಸಿದ್ದೆ. ಸೊಕ್ಕಿನಲ್ಲಿ ಹೋದೆ. ಆದರೆ ಆ ಸೀಮೆಯಲ್ಲಿ ಜನ ಮಾತಾಡುವುದು ಶ್ವೇಬಿಶ್. ಪುಸ್ತಕದ ಜರ್ಮನ್‌ಗೂ ಅದಕ್ಕೂ ಇರುವ ದೂರ, ಪಠ್ಯಪುಸ್ತಕದ ಕನ್ನಡ ಕಲಿತವರು ಬಂದು ನಮ್ಮ ಕುಂದಾಪ್ರ ಕನ್ನಡ ಕೇಳಿದ ಹಾಗೆ. ಮನೆಗೆ ‘ಹೌಸ್’ ಅಂತ ಕಲಿತು ಹೋದರೆ ಅವರು ಮುದ್ದಾಗಿ ‘ಹಾಯ್ಸ್‌ಲೆ’ ಅನ್ನುತ್ತಾರೆ.

ಎರಡನೇ ವರ್ಷ ಹಾಸ್ಟೆಲ್ ಬಿಟ್ಟು ಹಳೆಯ ಕಟ್ಟಡವೊಂದರಲ್ಲಿ ರೂಮ್ ಹಿಡಿದೆ. ಒಂದು ಸೋಮವಾರ ನಮ್ಮ ಬಾಗಿಲಿನ ಹಿಡಿಗೆ ಯಾರೋ ಮರದ ಸಣ್ಣ ಹಲಗೆ ನೇತು ಹಾಕಿದ್ದರು. ‘ಕೇರ್‌ವೊಖೆ’ ಅಂತ ಬರೆದಿತ್ತು. ಜಾಹೀರಾತು ಇರಬೇಕು ಅಂತ ತೆಗೆದು ಎದುರು ಬಾಗಿಲಿಗೆ ಹಾಕಿದೆ. ಸಂಜೆ ಕೆಳಗಿನ ಮನೆಯ ಅಜ್ಜಿ ಹಲಗೆ ಹಿಡಿದು ಮೇಲೆ ಬಂದರು. ಅದು ಗುಡಿಸುವ ವಾರವಂತೆ. ಸರದಿ ಪ್ರಕಾರ ಒಂದೊಂದು ಮನೆಯವರು ಮೆಟ್ಟಿಲು, ಮುಂದಿನ ದಾರಿ ಗುಡಿಸಬೇಕು, ಹಿಮ ಬಿದ್ದರೆ ಎತ್ತಬೇಕು, ಆಮೇಲೆ ಹಲಗೆ ಪಕ್ಕದ ಮನೆಗೆ. (ನಮ್ಮ ಗೆರಸೆಯಲ್ಲಿ ಕೇರುವುದಕ್ಕೂ ಇದಕ್ಕೂ ನಂಟಿಲ್ಲ, ಕೇಳಲು ಮಾತ್ರ ಹಾಗೆ.) ನನಗೆ ನಾಚಿಕೆಯಾಗಿ, ಗೊತ್ತಿದ್ದ ಹರುಕು ಜರ್ಮನ್‌ನಲ್ಲಿ ‘ಹೇಗೆ ಮಾಡಬೇಕು, ತೋರಿಸ್ತೀರಾ?’ ಅಂತ ಕೇಳಿದೆ. ಅಜ್ಜಿಯ ಮುಖ ಅರಳಿದ್ದು ನೋಡಬೇಕಿತ್ತು! ಮೂಲೆಯಿಂದ ಹೇಗೆ ಎಳೆಯಬೇಕು ಅಂತ ಎಪ್ಪತ್ತು ದಾಟಿದವರು ಬಗ್ಗಿ ತೋರಿಸಿದರು. ದಿನಾ ಬೆಳಿಗ್ಗೆ ಅಂಗಳ ಗುಡಿಸಿ ಬೆಳೆದವಳು ನಾನು, ಗೊತ್ತಿಲ್ಲದವಳ ಹಾಗೆ ನೋಡಿದೆ. ಅವತ್ತಿನಿಂದ ನನ್ನ ಜರ್ಮನ್ ಮೇಷ್ಟ್ರು ಅವರೇ.

ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಕಿಟೆಲ್ ಗೊತ್ತಲ್ಲ, 1853ರಲ್ಲಿ ನಮ್ಮ ಕಡೆಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಅದನ್ನು ಅಚ್ಚು ಹಾಕಿಸಿದವರು. ಅವರು ತೀರಿಕೊಂಡ ಟ್ಯೂಬಿಂಗನ್ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಹತ್ತಿರವೇ. ಅಜ್ಜಿಗೆ ಹೇಳಿದೆ. ಹೆಸರು ಕೇಳಿರಲಿಲ್ಲ. ‘ನಿಮ್ಮ ಭಾಷೆ ಕಲಿಯಲು ಅವರಿಗೆ ಎಷ್ಟು ವರ್ಷ ಹಿಡಿಯಿತು?’ ಅಂತ ಕೇಳಿದರು. ನಿಘಂಟು ಬರುವಾಗ ಬಂದು ನಲವತ್ತೊಂದು ವರ್ಷ ಆಗಿತ್ತು ಅಂದೆ. ‘ಹಾಗಾದರೆ ನಿನಗೆ ಇನ್ನೂ ಸಮಯ ಇದೆ’ ಅಂದರು.

ಓದು ಮುಗಿದ ಮೇಲೆ ಕೆಲಸ ಹುಡುಕಲು ಅಲ್ಲಿ ಹದಿನೆಂಟು ತಿಂಗಳು ಇರಬಹುದಲ್ಲ. ನೀವು ಯಾಕೆ ವಾಪಸ್ ಬಂದಿರಿ?
*– ಬ್ರಹ್ಮಾವರದ ಓದುಗರು*

ಐದು ತಿಂಗಳು ಹುಡುಕಿದೆ. ನನ್ನ ಕ್ಷೇತ್ರದಲ್ಲಿ ಕರೆದವರೆಲ್ಲ ಇನ್ನೂ ಒಳ್ಳೆಯ ಜರ್ಮನ್ ಬೇಕು ಅಂದರು. ಅಷ್ಟರಲ್ಲಿ ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ಅಪ್ಪನ ಮೊಣಕಾಲಿನ ಆಪರೇಷನ್ ಕೂಡ ಇತ್ತು. ಸೋತು ಬಂದಳು ಅನ್ನುವವರು ಇದ್ದಾರೆ. ಸಾಲದ ಕಂತು ಕಟ್ಟುವ ದಿನ ನನಗೂ ಹಾಗೆ ಅನಿಸುತ್ತದೆ, ಉಳಿದ ದಿನ ಇಲ್ಲ.

ಬಂದ ಮರುದಿನ ಬೆಳಿಗ್ಗೆ ಆರೂವರೆಗೆ, ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಪಕ್ಕದ ಮನೆ ಅಕ್ಕ ಕಾಂಪೌಂಡಿನ ಆಚೆಯಿಂದ ಕೂಗಿದರು: ‘ಬಂದ್ಯಾ? ಬೇಕರಿಯಲ್ಲಿ ಸಂಬಳ ಎಷ್ಟು ಕೊಡ್ತಿದ್ರು? ತೋರ ಆಗಿದ್ದೀಯಲ್ಲ! ಮದುವೆ ಯಾವಾಗ?’

ಬಾಯಿ ಮುಕ್ಕಳಿಸಿ, ಮೂರಕ್ಕೂ ಉತ್ತರ ಕೊಟ್ಟೆ.