ಓದುಗರ ಪ್ರಶ್ನೆ: ವಂಶ ನೋಡಿದರೆ ಸಾಕಾ?

ಪ್ರಶ್ನೆ: ಇನ್ನೂ ಓಡದ ಕುದುರೆಮರಿ ಮುಂದೆ ಗೆಲ್ಲುತ್ತದೆ ಎಂದು ತರಬೇತುದಾರರಿಗೆ ಹೇಗೆ ಗೊತ್ತಾಗುತ್ತದೆ? ವಂಶ ನೋಡಿದರೆ ಸಾಕಲ್ವಾ?
– ಓದುಗರು, ಮೈಸೂರು

ಉತ್ತರ: ಸಾಲದು ಸ್ವಾಮಿ. ವಂಶಾವಳಿ ಜಾತಕವಿದ್ದ ಹಾಗೆ. ಅದು ಕೂಡಿಬಂದರೂ ಹುಡುಗನನ್ನು ಎದುರಿಗೆ ಕೂರಿಸಿ ನೋಡಲೇಬೇಕು. ಐರ್ಲೆಂಡಿನ ಕುದುರೆ ತರಬೇತುದಾರ ವಿನ್ಸೆಂಟ್ ಓಬ್ರಿಯನ್ ಮಾಡಿದ್ದು ಅದನ್ನೇ. 1953ರಿಂದ 55ರವರೆಗೆ ಮೂರು ಬೇರೆ ಬೇರೆ ಕುದುರೆಗಳಿಂದ ಸತತವಾಗಿ ಗ್ರ್ಯಾಂಡ್ ನ್ಯಾಷನಲ್ ಎಂಬ ಬೇಲಿ ಹಾರುವ ಓಟ ಗೆದ್ದವರು ಅವರು. ಆಮೇಲೆ ಆರು ಸಲ ಇಂಗ್ಲೆಂಡಿನ ಡರ್ಬಿ ಓಟವನ್ನೂ ಗೆದ್ದರು.

1968ರಲ್ಲಿ ಕುದುರೆಗಳ ಮಾಲೀಕ ಚಾರ್ಲ್ಸ್ ಎಂಗಲ್‌ಹಾರ್ಡ್ ಈ ಓಬ್ರಿಯನ್ ಅವರನ್ನು ಕೆನಡಾಕ್ಕೆ ಕಳಿಸಿದ್ದು ಹೆಸರಾಂತ ರಿಬೋ ಕುದುರೆಯ ಮರಿಯನ್ನು ನೋಡಿ ಬರಲು. ಅದು ಹಿಡಿಸಲಿಲ್ಲ. ಅಲ್ಲೇ ಇದ್ದ ನಾರ್ದರ್ನ್ ಡ್ಯಾನ್ಸರ್ ಎಂಬ ಕುದುರೆಯ ಗಂಡುಮರಿಯ ಮೇಲೆ ಕಣ್ಣು ಬಿತ್ತು. 84,000 ಡಾಲರ್‌ಗೆ ಕೊಂಡ ಆ ಮರಿಯೇ ನಿಜಿನ್‌ಸ್ಕಿ! 1970ರಲ್ಲಿ ಅದು ಇಂಗ್ಲೆಂಡಿನ ದೊಡ್ಡ ಓಟಗಳಾದ 2000 ಗಿನಿಸ್, ಡರ್ಬಿ, ಸೇಂಟ್ ಲೆಜರ್ ಮೂರನ್ನೂ ಬಾಚಿಕೊಂಡಿತು.

ಆದರೆ ಐರ್ಲೆಂಡಿಗೆ ಬಂದ ಹೊಸದರಲ್ಲಿ ಮಹಾರಾಯ ಓಟ್ಸ್ ಮುಟ್ಟಲೇ ಇಲ್ಲ. ಕೆನಡಾದಲ್ಲಿ ತಿಂದು ರೂಢಿಯಾಗಿದ್ದ ಗುಳಿಗೆ ಮೇವನ್ನೇ ಅಲ್ಲಿಂದ ತರಿಸಿದರು. ಅದು ಬಂದು ತಲುಪುವ ಹೊತ್ತಿಗೆ ಇವನು ಸುಮ್ನೆ ಓಟ್ಸ್ ಮೇಯುತ್ತಿದ್ದ! ಹ್ಞಾಂ, ಯಾವ ಕುದುರೆಗೆ ದುಡ್ಡು ಕಟ್ಟಬೇಕು ಅಂತ ಮಾತ್ರ ನನ್ನನ್ನು ಕೇಳಬೇಡಿ.