ಕಡಿಮೆ ಬೆಲೆಯ ಎಲೆಕ್ಟ್ರಿಕ್ ಪಿಟೀಲು ಕೊಳ್ಳುವ ಮೊದಲು, ತಂಬೂರಿ ಯಾವ ಕಿವಿಗೆ ಕೇಳಿಸುತ್ತದೆ ಅಂತ ನೋಡಿಕೊಳ್ಳಿ

ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟು, ಬಿಡುವು ಸಿಗುವುದೇ ರಾತ್ರಿ, ಕೈಯಲ್ಲಿ 15,000 ರೂಪಾಯಿ, ಹೆಡ್‌ಫೋನ್ ಹಾಕಿ ಸದ್ದಿಲ್ಲದೆ ಅಭ್ಯಾಸ ಮಾಡಬೇಕು, ಯಾವ ಎಲೆಕ್ಟ್ರಿಕ್ ಪಿಟೀಲು ಕೊಳ್ಳಲಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ನನಗೆ ನನ್ನ 2020ನೇ ಇಸವಿ ಕಣ್ಣ ಮುಂದೆ ಬಂತು.

ಆಗ ನನಗೆ 34 ವರ್ಷ. ಗಿರಿನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಕರ್ನಾಟಕ ಸಂಗೀತದ ಪಿಟೀಲು ಶುರು ಮಾಡಿ ಒಂದೂವರೆ ವರ್ಷ ಆಗಿತ್ತು. ಸರಳೆ, ಜಂಟಿ, ಅಲಂಕಾರ, ಗೀತೆ ಅನ್ನುವ ಮೊದಲ ಪಾಠಗಳನ್ನು ಮುಗಿಸಿ ಮೋಹನ ರಾಗದ ವರ್ಣಕ್ಕೆ ಬಂದಿದ್ದೆ. ಲಾಕ್‌ಡೌನ್ ಬಂತು. ಎಲ್ಲರೂ ಮನೆಯಲ್ಲೇ. ಹಗಲು ಪೂರ್ತಿ ಮೀಟಿಂಗು, ಪಿಟೀಲು ಕೈಗೆ ಬರುವುದು ರಾತ್ರಿ ಒಂಬತ್ತರ ಮೇಲೆ.

ಒಂದು ರಾತ್ರಿ ಬಾಗಿಲು ತಟ್ಟಿದರು. ಪಕ್ಕದ ಮನೆಯಾಕೆ. ಹೆಗಲ ಮೇಲೆ ನಾಲ್ಕು ತಿಂಗಳ ಮಗು. "ಬೇಜಾರು ಮಾಡ್ಕೋಬೇಡಿ, ಈಗ ತಾನೇ ಮಲಗಿಸಿದ್ದೆ" ಅಂದರು. ಅಷ್ಟೇ. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ನಾನೂ ಏನಾದರೂ ಅಂದು ಸುಮ್ಮನಾಗುತ್ತಿದ್ದೆನೋ ಏನೋ. ಆ ಮೆತ್ತಗಿನ ಮಾತು ನನ್ನನ್ನು ಜಾಸ್ತಿ ಚುಚ್ಚಿತು. ಅವತ್ತು ರಾತ್ರಿಯೇ ಫೋನಿನಲ್ಲಿ ಹುಡುಕಿ 11,500 ರೂಪಾಯಿಯ ಎಲೆಕ್ಟ್ರಿಕ್ ಪಿಟೀಲು ತರಿಸಲು ದುಡ್ಡು ಕಟ್ಟಿದೆ.

ಬಂದದ್ದು ಹೇಗಿತ್ತು ಅಂತ ಬೇಗ ಹೇಳಿಬಿಡುತ್ತೇನೆ. ಕುದುರೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು, ಎತ್ತರ; ತಂತಿ ಒತ್ತಿದರೆ ಬೆರಳು ಉರಿ. ತಂತಿ ಬಿಗಿಸುವ ಬಿರಡೆ ನಿಲ್ಲದೆ ಜಾರುತ್ತಿತ್ತು. ಹೆಡ್‌ಫೋನ್ ಸಿಕ್ಕಿಸುವ ತೂತು ಪಿಟೀಲಿನ ಅಂಚಿನಲ್ಲಿತ್ತು. ಭುಜದ ಮೇಲಿಟ್ಟು ನಿಂತು ನುಡಿಸುವವರಿಗೆ ಅದು ತೊಂದರೆ ಅಲ್ಲ. ನಾವು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಪಿಟೀಲಿನ ಸುರುಳಿಯನ್ನು ಬಲಗಾಲಿನ ಹಿಮ್ಮಡಿಯ ಹತ್ತಿರ ಇಟ್ಟು, ಇನ್ನೊಂದು ತುದಿಯನ್ನು ಎದೆಗೆ ಒರಗಿಸಿಕೊಳ್ಳುತ್ತೇವಲ್ಲ, ನಮಗೆ ಅದು ಸರಿಯಾಗಿ ಎದೆಗೂಡಿಗೇ ಒತ್ತುತ್ತದೆ. ಬ್ಯಾಟರಿ ಹಾಕಿದರೆ ಹಿಂದೆ ಒಂದು ಸುಯ್ ಅನ್ನುವ ಸದ್ದು. ವಾದ್ಯ ರಿಪೇರಿ ಮಾಡುವವರ ಹತ್ತಿರ ಕುದುರೆ ತೇಯಿಸಿ, ಬಿರಡೆ ಕೂರಿಸಿಕೊಳ್ಳಲು ಇನ್ನೂ 2,200 ರೂಪಾಯಿ ಹೋಯಿತು. ಇವೆಲ್ಲ ದುಡ್ಡು ಕೊಟ್ಟರೆ ಸರಿಹೋಗುವ ತೊಂದರೆಗಳು. ನನ್ನನ್ನು ಕೆಡಿಸಿದ್ದು ಇವಲ್ಲ.

ನನ್ನನ್ನು ಕೆಡಿಸಿದ್ದು ತಂಬೂರಿ, ಅಂದರೆ ಹಿಂದೆ ಒಂದೇ ಸಮನೆ ಶ್ರುತಿ ಹಿಡಿದುಕೊಡುವ ನಾದ, ಇಲ್ಲದೆ ನುಡಿಸಿದ್ದು.

ಮೊದಲನೇ ರಾತ್ರಿ ಹೆಡ್‌ಫೋನ್ ಹಾಕಿಕೊಂಡೆ. ಫೋನಿನಲ್ಲಿ ತಂಬೂರಿ ಹಾಕಿ ಪಕ್ಕದಲ್ಲಿಟ್ಟೆ. ಕಿವಿ ಎರಡೂ ಮುಚ್ಚಿವೆ, ತಂಬೂರಿ ಕೇಳಿಸುತ್ತಿಲ್ಲ. ಸದ್ದು ಜಾಸ್ತಿ ಮಾಡಿದರೆ ಮನೆಯಲ್ಲಿ ಮಲಗಿದವರು ಎದ್ದರು. ಸದ್ದಿಲ್ಲದ ಪಿಟೀಲು ತಂದು ಜೋರಾಗಿ ತಂಬೂರಿ ಹಾಕಿದರೆ ಏನು ಬಂತು? ಆ ಪಿಟೀಲಿಗೆ ಹೊರಗಿನ ಸದ್ದನ್ನು ಒಳಗೆ ತೆಗೆದುಕೊಳ್ಳುವ ಇನ್ನೊಂದು ತೂತು, ಅಂದರೆ ಆಕ್ಸ್ ಇನ್, ಇರಲಿಲ್ಲ. ಕೊಳ್ಳುವಾಗ ಹಾಗೊಂದು ಇರಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ಮೂರನೇ ದಿನ ತಂಬೂರಿ ಬಿಟ್ಟೆ. ಅದರ ಜಾಗಕ್ಕೆ ಫೋನಿನಲ್ಲಿ ಟ್ಯೂನರ್ ಹಾಕಿಕೊಂಡೆ. ಸ್ವರ ಸರಿ ಬಿದ್ದರೆ ಮುಳ್ಳು ನಡುವೆ ನಿಂತು ಹಸಿರಾಗುತ್ತದೆ. ಕಿವಿಗಿಂತ ಕಣ್ಣು ನಂಬಿಕೆಯದು ಅಂದುಕೊಂಡೆ.

ಇದು ಯಾಕೆ ಇಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಹೋಗುತ್ತಿರುವುದೂ ಇದೇ ದಾರಿ.

ಟ್ಯೂನರಿನ ಮುಳ್ಳು ತಿಳಿದಿರುವುದು ಪಿಯಾನೋ, ಹಾರ್ಮೋನಿಯಂ ಮನೆಗಳ, ಅಂದರೆ ಕೀಗಳ, ಅಳತೆಯನ್ನು. ಒಂದು ಸ್ಥಾಯಿಯನ್ನು, ಅಂದರೆ ಕೆಳಗಿನ ಸ ಇಂದ ಮೇಲಿನ ಸ ವರೆಗಿನ ದೂರವನ್ನು, ಸಮನಾಗಿ 12 ಭಾಗ ಮಾಡಿ, ಒಂದೊಂದಕ್ಕೆ 100 ಸೆಂಟ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಅಂತರ ಗಾಂಧಾರ, ಅಂದರೆ ಮೋಹನದ ಗ, ಷಡ್ಜದಿಂದ, ಅಂದರೆ ಸ ಇಂದ, 400 ಸೆಂಟ್ ಮೇಲಿದೆ. ತಂಬೂರಿಯ ಗಾಂಧಾರ ಅಲ್ಲಿಲ್ಲ. ಅದು ಇರುವುದು 386ರ ಹತ್ತಿರ. ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲವಲ್ಲ ಅಂತ ಕೇಳಬಹುದು. ಒಳ್ಳೆಯ ತಂಬೂರಿಯ ಮುಂದೆ ಸುಮ್ನೆ ಹತ್ತು ನಿಮಿಷ ಕೂತು ನೋಡಿ. ಮಂದ್ರ ಷಡ್ಜದ ತಂತಿ ಮೀಟಿದ ಮೇಲೆ ಅದರೊಳಗಿಂದ ತಾನೇ ಒಂದು ಗಾಂಧಾರ ಏಳುತ್ತದೆ. ಸ್ವಯಂಭೂ ಗಾಂಧಾರ ಅಂತ ಕರೆಯುವುದು ಅದನ್ನೇ. ನಿಮ್ಮ ಬೆರಳಿನ ಗಾಂಧಾರ ಅದರ ಮೇಲೆ ಕೂತರೆ ಎರಡೂ ಕರಗಿ ಒಂದಾಗುತ್ತವೆ. ಕೂರದಿದ್ದರೆ ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜುವುದು ಕೇಳಿಸಿದಾಗ ಬೆರಳು ತಾನಾಗಿ ಸರಿಯುತ್ತದೆ. ನಮ್ಮ ಸಂಗೀತದಲ್ಲಿ ಕೈ ಕಲಿಯುವುದು ಹೀಗೆ.

400ಕ್ಕೂ 386ಕ್ಕೂ ನಡುವಿನ ಆ 14 ಸೆಂಟ್ ಅಂದರೆ ಎಷ್ಟು? ದೊಡ್ಡವರ ಪಿಟೀಲಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 325 ಮಿಲಿಮೀಟರ್. ಗಾಂಧಾರ ಅದರ ಐದನೇ ಒಂದು ಭಾಗದಲ್ಲಿ, ಅಂದರೆ ಮೇಲಿನಿಂದ 65 ಮಿಲಿಮೀಟರಿಗೆ ಬೀಳಬೇಕು. ಮುಳ್ಳು ಹಸಿರಾಗುವುದು 67ಕ್ಕೆ. ಎರಡೇ ಮಿಲಿಮೀಟರ್. ಎಂಟು ತಿಂಗಳು, ದಿನಾ ಒಂದು ಗಂಟೆ, ನಾನು ನನ್ನ ಬೆರಳಿಗೆ ಆ ಎರಡು ಮಿಲಿಮೀಟರ್ ತಪ್ಪನ್ನು ಉರು ಹೊಡೆಸಿದೆ. ಧೈವತದ, ಅಂದರೆ ದ ಸ್ವರದ, ಕಥೆಯೂ ಹಾಗೇ, 884ರ ಹತ್ತಿರ ಇರಬೇಕಾದದ್ದು 900ಕ್ಕೆ ಏರಿತ್ತು. ಮೋಹನದಲ್ಲಿ ಈ ಎರಡು ಸ್ವರ ಕೆಟ್ಟರೆ ಇನ್ನೇನು ಉಳಿಯುತ್ತದೆ ಹೇಳಿ.

ಇನ್ನೊಂದು ಪೆಟ್ಟೂ ಬಿತ್ತು. ಗಮಕ ಹಾಕಿದರೆ, ಅಂದರೆ ಸ್ವರವನ್ನು ತೂಗಿ ನುಡಿಸಿದರೆ, ಮುಳ್ಳು ಕುಣಿಯುತ್ತದೆ, ಹಸಿರು ಬರುವುದಿಲ್ಲ. ಗೊತ್ತಿಲ್ಲದೆಯೇ ನಾನು ಗಮಕ ಕಡಿಮೆ ಮಾಡುತ್ತಾ ಬಂದೆ. ಸ್ವರಗಳನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸುವುದು ರೂಢಿಯಾಯಿತು.

ಗುರುಗಳಿಗೆ ಗೊತ್ತಾಗಲಿಲ್ಲವಾ ಅಂದರೆ, ಪಾಠ ಆಗ ಫೋನಿನ ವಿಡಿಯೋದಲ್ಲಿ. ಒಂದೇ ಸಮನೆ ಬರುವ ಸದ್ದನ್ನು ಆ ಆ್ಯಪುಗಳು ಗದ್ದಲ ಅಂತ ತಿಳಿದು ಅಳಿಸಿಬಿಡುತ್ತವೆ. ತಂಬೂರಿ ಬಂದು ಹೋಗಿ ಮಾಡುತ್ತಿತ್ತು. "ಅದನ್ನ ನಿಲ್ಲಿಸು, ಬರೀ ಪಿಟೀಲು ಕೇಳಿಸು" ಅನ್ನುತ್ತಿದ್ದರು. ಪಾಪ, ಅವರಾದರೂ ಏನು ಮಾಡಬೇಕು?

2021ರ ಫೆಬ್ರವರಿಯಲ್ಲಿ ಅವರ ಮನೆಗೆ ಹೋದೆ. ತಂಬೂರಿ ಹಾಕಿದರು. ವರ್ಣ ಶುರು ಮಾಡಿದೆ. ಎರಡನೇ ಸಾಲಿಗೆ ಕೈ ನೀಡಿ ನನ್ನ ಕಮಾನು ಹಿಡಿದು ನಿಲ್ಲಿಸಿದರು. "ಗಾಂಧಾರ ಏರಿದೆ. ಧೈವತ ಏರಿದೆ. ಪ್ರತಿ ಸಲ ಒಂದೇ ಅಳತೆಗೆ ಏರಿದೆ. ಯಾವ ಹಾರ್ಮೋನಿಯಂ ಇಟ್ಕೊಂಡು ಸಾಧನೆ ಮಾಡಿದೆ?" ಅಂದರು. ಅವರ ಕಿವಿಗೆ ಅದು ಅಷ್ಟು ಸ್ಪಷ್ಟ. ನನಗೆ ಆ ತಂಬೂರಿಯ ಮುಂದೆ ನನ್ನದೇ ಸ್ವರ ಪರಕೀಯ ಅನ್ನಿಸಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವುದಿಲ್ಲ.

ಆಮೇಲೆ ವರ್ಣ ಕೆಳಗಿಟ್ಟು ಮತ್ತೆ ಮಾಯಾಮಾಳವಗೌಳ ರಾಗದ ಸರಳೆ ವರಸೆ. ನಾಲ್ಕು ತಿಂಗಳು. ಬೆಳಿಗ್ಗೆ ಇಪ್ಪತ್ತು ನಿಮಿಷ ಬರೀ ಸ, ಪ, ಮೇಲಿನ ಸ. ಹೊಸದಾಗಿ ಕಲಿಯುವುದಕ್ಕಿಂತ ಕಲಿತದ್ದನ್ನು ಅಳಿಸುವುದು ತುಂಬಾ ಕಷ್ಟ. ಮನಸ್ಸು ಬೇರೆ ಕಡೆ ಹೋದರೆ ಬೆರಳು ಇವತ್ತಿಗೂ ಒಮ್ಮೊಮ್ಮೆ ಆ 67ಕ್ಕೆ ಹೋಗುತ್ತದೆ.

ಹಾಗಾಗಿ ನನ್ನ ನೇರ ಮಾತು: ಎಲೆಕ್ಟ್ರಿಕ್ ಪಿಟೀಲು ಈಗ ಕೊಳ್ಳಬೇಡಿ. ನೀವು ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಬೇಡವೇ ಬೇಡ ಅನ್ನುತ್ತಿದ್ದೇನೆ. ನಿಮ್ಮ ಹತ್ತಿರ ಮರದ ಪಿಟೀಲು ಇದೆ ತಾನೆ? ಕೆಲವು ನೂರು ರೂಪಾಯಿಗೆ ಸಿಗುವ ರಬ್ಬರಿನ ಪ್ರಾಕ್ಟೀಸ್ ಮ್ಯೂಟ್ ತನ್ನಿ. ದಪ್ಪದ್ದು, ಕುದುರೆಯ ಮೇಲಂಚನ್ನು ಪೂರ್ತಿ ಮುಚ್ಚುವಂಥದ್ದು. ಸಂಗೀತ ಕಚೇರಿಯಲ್ಲಿ ಬಳಸುವ ಗುಂಡಿಯಂಥ ಪುಟ್ಟ ಮ್ಯೂಟ್ ಸಾಲದು. ದಪ್ಪ ಮ್ಯೂಟ್ ಮಾಡುವ ಕೆಲಸ ಸರಳ: ಕುದುರೆಗೆ ಭಾರ ಹೇರುತ್ತದೆ, ಕುದುರೆ ಕಡಿಮೆ ಅಲುಗುತ್ತದೆ, ಪೆಟ್ಟಿಗೆಗೆ ಹೋಗುವ ನಾದ ತಗ್ಗುತ್ತದೆ. ಲೋಹದ್ದು ಇನ್ನೂ ಜಾಸ್ತಿ ತಗ್ಗಿಸುತ್ತದೆ. ಆದರೆ ಜಾರಿ ಬಿದ್ದರೆ ಪಿಟೀಲಿನ ಮೈಗೆ ಗಾಯ ಆಗುತ್ತದೆ, ನಾನು ರಬ್ಬರನ್ನೇ ಇಟ್ಟುಕೊಂಡಿದ್ದೇನೆ. ಮ್ಯೂಟ್ ಹಾಕಿದಾಗ ಕಿವಿ ತೆರೆದಿರುತ್ತದೆ. ಮೆಲ್ಲಗೆ ತಂಬೂರಿ ಹಾಕಿದರೂ ಕೇಳಿಸುತ್ತದೆ. ನನಗೆ ಅದೇ ಮುಖ್ಯ.

ಮರದ ಪಿಟೀಲಿನಲ್ಲಿ ಇನ್ನೊಬ್ಬ ಮೇಷ್ಟ್ರು ಕೂತಿದ್ದಾರೆ. ನಾವು ತಂತಿಗಳನ್ನು ಸ ಪ ಸ ಪ ಅಂತ ಕಟ್ಟುತ್ತೇವೆ. ಒಂದು ತಂತಿಯಲ್ಲಿ ಬೆರಳಿಟ್ಟು ಷಡ್ಜ ಸರಿಯಾಗಿ ನುಡಿಸಿದರೆ ಖಾಲಿ ಇರುವ ಷಡ್ಜದ ತಂತಿ ತಾನಾಗಿ ನಡುಗುತ್ತದೆ. ಮರದ ಮೈ ಎದೆಗೆ ತಾಗಿರುತ್ತದಲ್ಲ, ಅದು ಮೈಗೇ ಗೊತ್ತಾಗುತ್ತದೆ. ನಾನು ತಂದ ಎಲೆಕ್ಟ್ರಿಕ್ ಪಿಟೀಲಿನಲ್ಲಿ ಆ ನಡುಕ ಸಿಗಲೇ ಇಲ್ಲ. ಹೆಡ್‌ಫೋನಿನ ಗುಂಡಿ ತಿರುಗಿಸಿದರೆ ಸದ್ದು ಜಾಸ್ತಿ ಆಗುವುದರಿಂದ ಕಮಾನು ಒತ್ತುವ ಕೈಯೂ ಸೋಮಾರಿಯಾಯಿತು. ಮೈಕಿನ ಆಸರೆ ಇಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲಿ ಅಂತ ನಮ್ಮ ಪಿಟೀಲು ಚೌಡಯ್ಯನವರು 1927ರಲ್ಲಿ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿದರು. ನಾದ ತುಂಬಿಸುವುದಕ್ಕೆ ಅಷ್ಟು ಪಾಡುಪಟ್ಟ ವಾದ್ಯ ಇದು. ಮ್ಯೂಟ್ ಹಾಕಿಯೇ ಎಲ್ಲ ದಿನ ನುಡಿಸಬೇಡಿ. ವಾರಕ್ಕೆ ಎರಡು ದಿನವಾದರೂ ತೆಗೆದು, ತುಂಬು ಕಮಾನಿನಲ್ಲಿ ನುಡಿಸಿ.

ಅದಕ್ಕೂ ಮೊದಲು ಪಕ್ಕದ ಮನೆಯವರ ಹತ್ತಿರ ಹೋಗಿ ಮಾತಾಡಿ. ಇದನ್ನು ನಾನು ಮಾಡಿದ್ದು 2021ರಲ್ಲಿ, ಎಲ್ಲ ಕಳೆದುಕೊಂಡ ಮೇಲೆ. "ಸಂಜೆ ಆರೂವರೆಯಿಂದ ಏಳೂವರೆ ಮಗೂನ ಟೆರೇಸಿಗೆ ಕರ್ಕೊಂಡು ಹೋಗ್ತೀನಿ, ಆಗ ಎಷ್ಟು ಬೇಕಾದ್ರೂ ನುಡಿಸಿ" ಅಂದರು ಆಕೆ. ಅವರಿಗೆ ಪಿಟೀಲು ಬೇಡವಾಗಿರಲಿಲ್ಲ, ಒಂಬತ್ತೂವರೆ ಬೇಡವಾಗಿತ್ತು. ನಾನು ಆಫೀಸಿನಲ್ಲಿ ಹೇಳಿ ಆ ಒಂದು ಗಂಟೆ ಮೀಟಿಂಗ್ ಇಲ್ಲದ ಹಾಗೆ ಮಾಡಿಕೊಂಡೆ. ನಿಮಗೆ ಸಂಜೆ ಆಗದಿದ್ದರೆ ಬೆಳಿಗ್ಗೆ ನೋಡಿ. ಶಬ್ದದ ಕಾನೂನಿನಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಆರೂವರೆಗೆ ಮ್ಯೂಟ್ ಹಾಕಿ ಕೂತರೆ ಯಾರಿಗೂ ತೊಂದರೆ ಆಗಲಾರದು.

ಇಷ್ಟಾದ ಮೇಲೂ ರಾತ್ರಿ ಹನ್ನೊಂದಕ್ಕೇ ನುಡಿಸಬೇಕು, ಬೇರೆ ದಾರಿ ಇಲ್ಲ ಅನ್ನುವುದಾದರೆ, 15,000ಕ್ಕೆ ನಿಲ್ಲಬೇಡಿ, ಕೂಡಿಡಿ. ಯಮಹಾದವರು 1997ರಲ್ಲಿ ಸೈಲೆಂಟ್ ವಯಲಿನ್ ತಂದದ್ದೇ ಸದ್ದಿಲ್ಲದ ಅಭ್ಯಾಸಕ್ಕಾಗಿ. ನಾನು ವಿಚಾರಿಸಿದಾಗ ಅದರ ಬೆಲೆ ಅರ್ಧ ಲಕ್ಷ ದಾಟಿತ್ತು. ಯಾವುದನ್ನೇ ನೋಡಿದರೂ ಅಂಗಡಿಗೆ ಹೋಗಿ, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತು, ಕಾಲಿಗೆ ಸುರುಳಿ ಆನಿಸಿ ನುಡಿಸಿ. ಅಂಗಡಿಯವರು ನೋಡಿದರೆ ನೋಡಲಿ. ಆಕ್ಸ್ ಇನ್ ಇದೆಯಾ ಕೇಳಿ, ನಿಮ್ಮ ಫೋನಿನ ತಂಬೂರಿಯನ್ನು ಅದಕ್ಕೆ ಸಿಕ್ಕಿಸಿ, ಪಿಟೀಲು ಮತ್ತು ತಂಬೂರಿ ಒಟ್ಟಿಗೆ ಕೇಳಿಸುತ್ತವಾ ಅಂತ ಅಲ್ಲೇ ಪರೀಕ್ಷೆ ಮಾಡಿ. ತಂತಿಗಳನ್ನು ನಿಮ್ಮ ಶ್ರುತಿಗೆ ಇಳಿಸಿ ಕೇಳಿ. ನಮ್ಮ ಷಡ್ಜ ಎಲ್ಲಿದೆ ಅಂತ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತೇವಲ್ಲ, ಆ ಐದು ಮನೆ ಶ್ರುತಿಗೆ ಮೇಲಿನ ಎರಡು ತಂತಿ ಒಂದೊಂದು ಸ್ವರ ಇಳಿಸಿದರೆ ಸಾಕು. ಎರಡೂವರೆ ಮನೆ ಆದರೆ ನಾಲ್ಕೂ ತಂತಿ ಬಹಳ ಸಡಿಲ ಆಗುತ್ತವೆ. ನನ್ನದು ಎರಡೂವರೆ. ನನ್ನ ಪಿಟೀಲಿನಲ್ಲಿ ಒಂದು ತಂತಿ ಕಿರುಚುತ್ತಿತ್ತು, ಪಕ್ಕದ್ದು ಮಂಕಾಗಿತ್ತು.

ಅಕಸ್ಮಾತ್ ಆಗಲೇ ಅಗ್ಗದ್ದು ತಂದುಬಿಟ್ಟಿದ್ದರೆ ಎಸೆಯಬೇಡಿ. ಎರಡು ಸದ್ದು ಬೆರೆಸುವ ಚಿಕ್ಕದೊಂದು ಆಡಿಯೋ ಮಿಕ್ಸರ್ ತಂದು ಪಿಟೀಲು ಒಂದು ಕಡೆ, ತಂಬೂರಿ ಒಂದು ಕಡೆ ಸಿಕ್ಕಿಸಿ, ಹೆಡ್‌ಫೋನನ್ನು ಮಿಕ್ಸರಿಗೆ ಹಾಕಿ. ಅದೂ ಆಗದಿದ್ದರೆ ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿ, ಆ ಕಡೆ ಫೋನಿಟ್ಟು ತಂಬೂರಿ ಮೆಲ್ಲಗೆ ಹಾಕಿ. ಟ್ಯೂನರನ್ನು ಷಡ್ಜ ಕಟ್ಟುವವರೆಗೆ ಮಾತ್ರ ಬಳಸಿ, ಆಮೇಲೆ ಫೋನಿನ ಮುಖ ಕೆಳಗೆ ಮಾಡಿ ಇಡಿ.

ಮ್ಯೂಟ್ ತಂದ ದಿನ ಒಂದು ಜೋಪಾನ. ಹಾಕುವಾಗ ಕುದುರೆಯನ್ನು ಎರಡೂ ಪಕ್ಕದಿಂದ ಎಡಗೈ ಬೆರಳಲ್ಲಿ ಹಿಡಿದುಕೊಂಡು, ಬಲಗೈಯಿಂದ ನೇರ ಕೆಳಕ್ಕೆ ಒತ್ತಿ. ತೆಗೆಯುವಾಗಲೂ ಹಾಗೇ ಹಿಡಿದು ನೇರ ಮೇಲಕ್ಕೆ ಎತ್ತಿ. ಒಂದು ಕೈಯಲ್ಲಿ ಎಳೆದರೆ ಕುದುರೆ ವಾಲುತ್ತದೆ, ತಂತಿ ಬಿಗಿ ಇರುವಾಗ ಮಗುಚಿ ಬೀಳಲೂಬಹುದು.