ಪಟ್ಟಿಯಲ್ಲಿ ಸೊನ್ನೆ ಇದ್ದರೂ 12 ಪರ್ಸೆಂಟ್ ಕಟ್ಟಿದ್ದರು

ಶ್ರೀಮಂತ ದೇಶಗಳು ಬಡ ದೇಶಗಳ ಸರಕಿನ ಮೇಲೆ ಸುಂಕ ಪೂರ್ತಿ ತೆಗೆದರೆ ರಫ್ತು ಎಷ್ಟು ಏರುತ್ತೆ ಎಂದು ಪ್ರಬಂಧ ಬರೆಯಲು ಹೊರಟಿದ್ದೀರಿ. ಸುಂಕದ ಪಟ್ಟಿ ಇಟ್ಟುಕೊಂಡರೆ ಸಾಕಾ, ಇಲ್ಲಾ ಕೃಷಿ ಸಬ್ಸಿಡಿ ವಿಷಯ ತಗೊಳ್ಳಲಾ ಎಂದು ಕೇಳಿದ್ದೀರಿ. ಪಟ್ಟಿ ಸಾಕಾಗಲ್ಲ. ಅದೇ ಪಟ್ಟಿಯನ್ನು ನಂಬಿ ಒಂದು ವರ್ಷ ಕಳೆದುಕೊಂಡವನು ನಾನು.

2009ರ ಮಾತು. ನನ್ನ ವಿಷಯ ಬಾಂಗ್ಲಾದೇಶದಿಂದ ಯುರೋಪಿಯನ್ ಒಕ್ಕೂಟಕ್ಕೆ ಹೋಗುವ ಸಿದ್ಧ ಉಡುಪು. ಯಾವ ದೇಶ ಎಷ್ಟು ಕಳಿಸಬಹುದು ಎಂದು ಮಿತಿ ಹಾಕುತ್ತಿದ್ದ ಜವಳಿಯ ಹಳೇ ಕೋಟಾ ವ್ಯವಸ್ಥೆ 2005ರ ಜನವರಿ 1ಕ್ಕೆ ಮುಗಿದಿತ್ತು. ಇನ್ನು ಚೀನಾ ಮುಂದೆ ಯಾರೂ ನಿಲ್ಲಲ್ಲ ಎಂದು ಎಲ್ಲರೂ ಮಾತಾಡುತ್ತಿದ್ದರು. ನಾನು ಹಾಗಲ್ಲ ಎಂದು ತೋರಿಸಲು ಹೊರಟಿದ್ದೆ. ಯುರೋಪಿನಲ್ಲಿ ಉಡುಪಿನ ಮೇಲೆ ಸಾಮಾನ್ಯ ಸುಂಕ ಹೆಚ್ಚುಕಡಿಮೆ 12 ಪರ್ಸೆಂಟ್. ಬಾಂಗ್ಲಾದೇಶದಂಥ ಅತಿ ಹಿಂದುಳಿದ ದೇಶಗಳಿಗೆ ಅದು ಸೊನ್ನೆ. ಶಸ್ತ್ರಾಸ್ತ್ರ ಬಿಟ್ಟು ಮಿಕ್ಕೆಲ್ಲಕ್ಕೂ ಸುಂಕವಿಲ್ಲ ಎಂಬ ಯೋಜನೆ 2001ರಲ್ಲೇ ಬಂದಿತ್ತು. ಅಂದರೆ ಢಾಕಾದಿಂದ ಹೊರಟ ಪ್ರತಿಯೊಂದು ಅಂಗಿಗೂ ಚೀನಾದ ಅಂಗಿಗಿಂತ 12 ಪರ್ಸೆಂಟ್ ಅನುಕೂಲ ಇದೆ, ಅಲ್ವಾ?

ನನ್ನ ತಪ್ಪು ಇದೇ ಸಾಲಿನಲ್ಲಿದೆ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಇದು ಕಾಣುತ್ತಿದೆ. ನನ್ನ ಎಕ್ಸೆಲ್ ಶೀಟಿನಲ್ಲಿ ‘ಸುಂಕ’ ಎಂಬ ಕಾಲಂ ಇತ್ತು. ಬಾಂಗ್ಲಾದೇಶದ ಎಲ್ಲ ಸಾಲುಗಳಿಗೂ ಅಲ್ಲಿ 0 ಎಂದು ತುಂಬಿದೆ. ಟೀ ಶರ್ಟಿಗೂ 0, ಕಾಲರ್ ಅಂಗಿಗೂ 0, ಪ್ಯಾಂಟಿಗೂ 0. ಲೆಕ್ಕ ಓಡಿಸಿದಾಗ ಟೀ ಶರ್ಟ್, ಸ್ವೆಟರ್ ತರದ ಹೆಣೆದ ಬಟ್ಟೆಗಳು ಚೆನ್ನಾಗಿ ಹೊಂದಿಕೊಂಡವು. ನೇಯ್ದ ಬಟ್ಟೆಯ ಅಂಗಿ, ಪ್ಯಾಂಟು ಹೊಂದಲಿಲ್ಲ. ನನ್ನ ಲೆಕ್ಕ ಹೇಳಿದ್ದಕ್ಕಿಂತ ಅವು ತುಂಬಾ ಕಡಿಮೆ ಹೋಗಿದ್ದವು. ಆಗಲೇ ನಿಂತು ಯಾಕೆ ಎಂದು ಕೇಳಬೇಕಿತ್ತು. ನಾನು ಆ ವ್ಯತ್ಯಾಸಕ್ಕೆ ‘ಇತರೆ ಕಾರಣಗಳು’ ಎಂದು ಹೆಸರಿಟ್ಟು, ಬಂದರು, ರಸ್ತೆ, ಕರೆಂಟು ಎಂದು ಎರಡು ಪ್ಯಾರಾ ಬರೆದು ಮುಂದೆ ಹೋದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು. ‘ಈ ಅಂಗಿಗಳಲ್ಲಿ ಎಷ್ಟು ನಿಜವಾಗಿ ಸೊನ್ನೆ ಸುಂಕದಲ್ಲಿ ಒಳಗೆ ಹೋದವು?’ ‘ಎಲ್ಲವೂ ಸರ್’ ಎಂದೆ. ‘ನೋಡಿದ್ದೀರಾ?’ ಎಂದರು. ನೋಡಿರಲಿಲ್ಲ. ಪ್ರಬಂಧ ವಾಪಸ್ ಬಂತು. ಫೆಲೋಶಿಪ್ ಅವಧಿ ಅಷ್ಟರಲ್ಲಿ ಮುಗಿದಿತ್ತು.

ಆಮೇಲೆ ಪರಿಚಯದವರೊಬ್ಬರ ಮೂಲಕ, ವಿದೇಶಿ ಕಂಪನಿಗಳ ಪರವಾಗಿ ಉಡುಪು ಕೊಳ್ಳುವ ಬೈಯಿಂಗ್ ಹೌಸ್ ಒಂದರಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಭೇಟಿ ಮಾಡಿದೆ. ಅವರು ಮೇಜಿನ ಮೇಲೆ ಎರಡು ಫೈಲ್ ಇಟ್ಟರು. ಮೊದಲನೆಯದು ಟೀ ಶರ್ಟಿನದು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಹಡಗಿನವರು ಸರಕಿಗೆ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್, ಅವುಗಳ ಮೇಲೆ ತೆಳು ಹಸಿರು ಬಣ್ಣದ ಹಾಳೆ. ಅದೇ ‘ಫಾರ್ಮ್ ಎ’, ಸರಕು ಯಾವ ದೇಶದಲ್ಲಿ ತಯಾರಾಯಿತು ಎಂಬುದರ ಸರ್ಟಿಫಿಕೇಟ್. ಅದರ 8ನೇ ಕಾಲಂನಲ್ಲಿ ‘ಡಬ್ಲ್ಯೂ’ ಎಂಬ ಒಂದು ಅಕ್ಷರ, ಅಂದರೆ ಹೊರಗಿನ ಕಚ್ಚಾವಸ್ತು ಇದ್ದರೂ ಬೇಕಾದಷ್ಟು ತಯಾರಿಕೆ ಇಲ್ಲೇ ಆಗಿದೆ ಎಂಬ ಗುರುತು. ಪಕ್ಕದಲ್ಲಿ 6109, ಸುಂಕದ ಪಟ್ಟಿಯಲ್ಲಿ ಟೀ ಶರ್ಟಿನ ಸಂಖ್ಯೆ. ಎರಡನೆಯದು ಅಂಗಿಯ ಫೈಲು. ಹಸಿರು ಹಾಳೆ ಇರಲೇ ಇಲ್ಲ. ಕಳೆದುಹೋಗಿದೆಯಾ ಎಂದು ಕೇಳಿದೆ. ‘ಇಲ್ಲಪ್ಪ, ಇದಕ್ಕೆ ಸಿಗೋದೇ ಇಲ್ಲ. ಬಟ್ಟೆ ಚೀನಾದ್ದು. ಇದು 12 ಪರ್ಸೆಂಟ್ ಕಟ್ಟಿಯೇ ಹೋಗುತ್ತೆ’ ಎಂದರು. ನಾನು ಎರಡು ವರ್ಷ ಓದಿ ತಿಳಿಯದ್ದು ಅವರಿಗೆ ದಿನನಿತ್ಯದ ಕೆಲಸ.

ವಿಷಯ ಇಷ್ಟೇ. ಸುಂಕದ ರಿಯಾಯಿತಿ ಸಿಗುವುದು ಆ ದೇಶದಿಂದ ಹಡಗು ಹತ್ತಿದ ಸರಕಿಗಲ್ಲ, ಆ ದೇಶದಲ್ಲೇ ‘ತಯಾರಾದ’ ಸರಕಿಗೆ. ತಯಾರಾದದ್ದು ಅಂದರೆ ಏನು ಎಂದು ಹೇಳುವುದು ರೂಲ್ಸ್ ಆಫ್ ಒರಿಜಿನ್, ಅಂದರೆ ಮೂಲದ ನಿಯಮಗಳು. ಆಗಿನ ಯುರೋಪಿನ ನಿಯಮದ ಪ್ರಕಾರ ಎರಡು ಹಂತ ಆಗಬೇಕಿತ್ತು. ನೂಲಿನಿಂದ ಬಟ್ಟೆ, ಬಟ್ಟೆಯಿಂದ ಉಡುಪು. ಹೊಲಿಗೆ ಮಾತ್ರ ಮಾಡಿದರೆ ಲೆಕ್ಕಕ್ಕಿಲ್ಲ. ಹೆಣೆಯುವ ಯಂತ್ರಕ್ಕೆ ಬಂಡವಾಳ ಕಡಿಮೆ ಸಾಕು, ಹಾಗಾಗಿ ಬಾಂಗ್ಲಾದೇಶದಲ್ಲಿ ಹೆಣೆಯುವ ಘಟಕಗಳು ಬೇಕಾದಷ್ಟಿದ್ದವು ಮತ್ತು ಟೀ ಶರ್ಟ್ ಪಾಸಾಗುತ್ತಿತ್ತು. ನೇಯುವುದಕ್ಕೆ, ಬಣ್ಣ ಹಾಕಿ ಫಿನಿಶಿಂಗ್ ಮಾಡುವುದಕ್ಕೆ ದೊಡ್ಡ ಗಿರಣಿ, ದೊಡ್ಡ ದುಡ್ಡು, ನಿಲ್ಲದ ಕರೆಂಟು ಬೇಕು. ಅದಿಲ್ಲದ ದೇಶ ಬಟ್ಟೆಯನ್ನು ಹೊರಗಿನಿಂದ ತರಿಸಿ ಹೊಲಿಯುತ್ತೆ, ಆಗ ರಿಯಾಯಿತಿ ಹೋಗುತ್ತೆ. ಅಂದರೆ ಬಡವರಿಗೆ ಎಂದು ಮಾಡಿದ ಸೌಲಭ್ಯ ಸಿಗಬೇಕಾದರೆ ಮೊದಲು ಶ್ರೀಮಂತರ ಬಳಿ ಇರುವಂಥ ಗಿರಣಿ ಇರಬೇಕು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

ನಿಯಮವೇ ಬೇಡ ಎನ್ನುತ್ತಿಲ್ಲ. ಅದಿಲ್ಲದಿದ್ದರೆ ಬೇರೆ ದೇಶದ ಸಿದ್ಧ ಅಂಗಿ ಬರೀ ಲೇಬಲ್ ಬದಲಿಸಿಕೊಂಡು ಹೋಗಿಬಿಡುತ್ತೆ. ಆದರೆ ಎಷ್ಟು ಹಂತ ಎಂದು ತೀರ್ಮಾನ ಮಾಡುವವರು ಯಾರು? ರಿಯಾಯಿತಿ ಕೊಡುವವರೇ. 1979ರಲ್ಲಿ ಬಂದ ಎನೇಬ್ಲಿಂಗ್ ಕ್ಲಾಸ್ ಎಂಬ ಜಾಗತಿಕ ವ್ಯಾಪಾರ ನಿಯಮದ ಅಡಿಯಲ್ಲಿ ಇಂಥ ರಿಯಾಯಿತಿ ಕೊಡಬಹುದು, ಕೊಡಲೇಬೇಕು ಎಂದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ 2015ರ ನೈರೋಬಿ ಸಭೆ ಅತಿ ಹಿಂದುಳಿದ ದೇಶಗಳ ಸರಕಿನಲ್ಲಿ ಮೌಲ್ಯದ 75 ಪರ್ಸೆಂಟ್‌ವರೆಗೆ ಹೊರಗಿನ ಕಚ್ಚಾವಸ್ತು ಇರಲು ಬಿಡುವುದನ್ನು ‘ಪರಿಗಣಿಸಿ’ ಎಂದಿತು. ಪರಿಗಣಿಸಿ ಅಂದರೆ ಮಾಡಲೇಬೇಕು ಅಂತಲ್ಲ.

ಮುಂದೆ ಆದದ್ದು ನೋಡಿ. 2011ರ ಜನವರಿ 1ರಿಂದ ಯುರೋಪಿಯನ್ ಒಕ್ಕೂಟ ಅತಿ ಹಿಂದುಳಿದ ದೇಶಗಳ ಉಡುಪಿಗೆ ಒಂದೇ ಹಂತ ಸಾಕು ಎಂದಿತು. ಬಟ್ಟೆ ಎಲ್ಲಿಂದಾದರೂ ತನ್ನಿ, ಹೊಲಿಗೆ ನಿಮ್ಮಲ್ಲಾದರೆ ಸರಿ. ಬಾಂಗ್ಲಾದೇಶದ ಅಂಗಿ, ಪ್ಯಾಂಟಿನ ರಫ್ತು ಜೋರಾಗಿ ಏರಿತು. ಸುಂಕದ ಪಟ್ಟಿಯಲ್ಲಿ ಏನು ಬದಲಾಗಿತ್ತು? ಏನೂ ಇಲ್ಲ. ಹಿಂದೆಯೂ ಸೊನ್ನೆ, ಆಮೇಲೂ ಸೊನ್ನೆ. ನನ್ನ ಶೀಟಿಗೆ ಈ ಏರಿಕೆ ಕಾಣುತ್ತಲೇ ಇರಲಿಲ್ಲ. ಆಫ್ರಿಕಾದ ಲೆಸೊಥೊ ಕಥೆಯೂ ಹೀಗೆಯೇ. ಆಫ್ರಿಕಾದ ಸರಕಿಗೆ ಸುಂಕ ಬಿಡಲು 2000ದಲ್ಲಿ ಅಮೆರಿಕ ಮಾಡಿದ ಆಗೋವಾ ಕಾನೂನು ಅಲ್ಲಿನ ಬಡ ದೇಶಗಳಿಗೆ ಬೇರೆ ದೇಶದ ಬಟ್ಟೆ ಬಳಸಲು ಬಿಟ್ಟಿತು, ಆ ಪುಟ್ಟ ದೇಶದಲ್ಲಿ ಉಡುಪು ಕಾರ್ಖಾನೆಗಳು ಬೆಳೆದವು.

ಸಬ್ಸಿಡಿ ವಿಷಯ ಸಣ್ಣದು ಅಂತ ಹೇಳಲ್ಲ. ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ಬ್ರೆಜಿಲ್ ಕೇಸು ಹಾಕಿ ಗೆದ್ದಿತು. 2010ರಲ್ಲಿ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಅಮೆರಿಕ ಒಪ್ಪಿತು. ಅದೇ ಹತ್ತಿಯಿಂದ ನೊಂದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಎಂಬ ಆಫ್ರಿಕಾದ ದೇಶಗಳು ಸಬ್ಸಿಡಿ ತೆಗೆಯಿರಿ ಎಂದು 2003ರಿಂದ ಕೇಳುತ್ತಲೇ ಇವೆ. ಬ್ರೆಜಿಲ್ ಅಮೆರಿಕದ ಸರಕಿಗೆ ತಿರುಗಿ ಸುಂಕ ಹಾಕಿ ನೋಯಿಸಬಲ್ಲದು, ಈ ನಾಲ್ಕಕ್ಕೆ ಆ ಬಲ ಇಲ್ಲ. ದೊಡ್ಡ ವಿಷಯವೇ, ಆದರೆ ಅದರ ಮೇಲೆ ಬರೆದವರು ಜಾಸ್ತಿ ಇದ್ದಾರೆ. ಸುಂಕವಾ, ಸಬ್ಸಿಡಿಯಾ ಎಂದು ತೂಗುತ್ತಾ ಕೂರಬೇಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಪ್ರಶ್ನೆಯನ್ನೇ ಬದಲಿಸುತ್ತಿದ್ದೆ. ಸುಂಕ ತೆಗೆದರೆ ಏನಾಗುತ್ತೆ ಎಂದಲ್ಲ, ತೆಗೆದ ಸುಂಕ ಯಾರಿಗೆ ಸಿಕ್ಕಿತು ಎಂದು. ಯುರೋಸ್ಟಾಟ್‌ನಲ್ಲಿ ಆಮದಿನ ಲೆಕ್ಕ ಸುಂಕದ ವಿಧದ ಪ್ರಕಾರವೂ ಸಿಗುತ್ತೆ. ರಿಯಾಯಿತಿಗೆ ಅರ್ಹವಾದ ಸರಕು ಎಷ್ಟು, ರಿಯಾಯಿತಿ ಪಡೆದು ಬಂದದ್ದು ಎಷ್ಟು, ಎರಡನ್ನೂ ಅಕ್ಕಪಕ್ಕ ಇಡಿ. ಈಗ ಯುರೋಪಿಗೆ ಕಳಿಸಲು ಹಸಿರು ಹಾಳೆ ಇಲ್ಲ, ರೆಕ್ಸ್ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡ ರಫ್ತುದಾರರೇ ಸರಕು ಎಲ್ಲಿ ತಯಾರಾಯಿತು ಎಂಬ ಘೋಷಣೆ ಬರೆದುಕೊಡುತ್ತಾರೆ. ಹಾಗೆ ಬರೆಯುವ ಒಬ್ಬರನ್ನಾದರೂ ಹುಡುಕಿ ಮಾತಾಡಿಸಿ, ಶೀಟ್ ತೆರೆಯುವ ಮೊದಲೇ. ನಾನು ಅದನ್ನು ಕೊನೆಗೆ ಮಾಡಿದೆ.

ಹೊಸ ವಿಷಯವೇ ಬೇಕೆಂದರೆ ಇದನ್ನು ನೋಡಿ: ಒಂದು ದೇಶ ಅತಿ ಹಿಂದುಳಿದವರ ಪಟ್ಟಿಯಿಂದ ಹೊರಬಂದ ಮೇಲೆ ಯುರೋಪಿನಲ್ಲಿ ಆ ಒಂದೇ ಹಂತದ ಸೌಲಭ್ಯ ಕೆಲವು ವರ್ಷಗಳಲ್ಲಿ ಮುಗಿಯುತ್ತೆ. ಆಮೇಲೆ ಸುಂಕ ಸೊನ್ನೆಯಾಗಿ ಉಳಿಯುವ ಬೇರೆ ಯೋಜನೆ ಸಿಕ್ಕರೂ ಎರಡು ಹಂತದ ನಿಯಮ ವಾಪಸ್ ಬರುತ್ತೆ. ಗಿರಣಿ ಕಟ್ಟಿಕೊಳ್ಳದ ದೇಶಕ್ಕೆ ಆಗ ಏನಾಗುತ್ತೆ? 6205ನೇ ಸಂಖ್ಯೆಯಿಂದ ಶುರು ಮಾಡಿ, ಅದು ಗಂಡಸರ ನೇಯ್ದ ಬಟ್ಟೆಯ ಅಂಗಿ. ನನ್ನ ಶೀಟಿನಲ್ಲಿ ಹೊಂದದೇ ಉಳಿದದ್ದೂ ಅದೇ ಸಾಲು.